ಮಣ್ಣಾಫೀಸಿನ ದಿಗಂತನೂ ಆಟಿ ಪಾಯಸವೂ

ಅಮ್ಮತ್ತಿಯ ಬಸ್ ಸ್ಟ್ಯಾಂಡಿನ ಎದುರು, ಬೇಕರಿಯ ಮಹಡಿಯ ಮೇಲೆ ‘ಮಣ್ಣು ಸಮೀಕ್ಷಾ ಘಟಕ’ ಎಂಬ ಬೋರ್ಡು ನೇತಾಡುತ್ತಿತ್ತು. ಒಳಗಿದ್ದದ್ದು ದೇಶದ ಗುಪ್ತಚರ ಸಂಸ್ಥೆಯೊಂದರ ಶಾಖೆ. ಅದರ ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ, ಬಸ್ ಕಂಡಕ್ಟರು ದಿನಾ ಬೆಳಿಗ್ಗೆ “ಸಿಐಡಿ ಮಣ್ಣಾಫೀಸ್ ಯಾರ್ರೀ, ಇಳೀರಿ” ಎಂದು ಕೂಗುತ್ತಿದ್ದ. ದಿಗಂತ್ ಯಾರಿಗೂ ಗೊತ್ತಾಗದ ಹಾಗೆ ಇಳಿಯುತ್ತಿದ್ದ.

ಮದೆನಾಡಿನ ಕಡೆಯ ಅರೆಭಾಷೆ ಗೌಡರ ಮನೆಯ ಈ ದಿಗಂತ್ ಆರು ವರ್ಷದಿಂದ ಅಲ್ಲಿ ಗುತ್ತಿಗೆ ನೌಕರ. ಇತಿಹಾಸದಲ್ಲಿ ಬಿ.ಎ., ಅದೂ ಎರಡನೇ ಸಲಕ್ಕೆ. ದೇಶರಕ್ಷಣೆಯಲ್ಲಿ ಅವನ ಪಾಲು ಇಷ್ಟು: ಪೇಪರಿನ ಸುದ್ದಿ ಕತ್ತರಿಸಿ ಅಂಟಿಸುವುದು, ಸಾಹೇಬರಿಗೆ ಕಾಫಿ ತರುವುದು, ಪಾರ್ಸೆಲ್ ಕಟ್ಟುವುದು. ಉಳಿದ ಹೊತ್ತು ಮಣ್ಣು ನೋಡುವುದು. ಬೋರ್ಡು ನಂಬಿದ ಎಸ್ಟೇಟಿನವರು ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ತಂದುಕೊಟ್ಟರೆ ಬೇಡವೆನ್ನಲು ಬರುತ್ತದೆಯೇ? ಗುಟ್ಟು ಹೊರಬೀಳುವುದಿಲ್ಲವೇ? ಬೆರಳಲ್ಲಿ ಉಜ್ಜಿ, ಮೂಸಿ, ಹುಬ್ಬು ಗಂಟಿಕ್ಕಿ, “ಸುಣ್ಣ ಹಾಕ್ಸಿ” ಎನ್ನುತ್ತಿದ್ದ. ಕೊಡಗಿನ ಕಾಫಿ ತೋಟದ ಹುಳಿಮಣ್ಣಿಗೆ ಸುಣ್ಣ ಹಾಕಿ ಎಂದರೆ ತಪ್ಪಾಗುವುದು ಅಪರೂಪ. ಆ ಕಚೇರಿಯಿಂದ ಹೊರಬಿದ್ದ ಮಾಹಿತಿಯಲ್ಲಿ ಯಾರಿಗಾದರೂ ಉಪಯೋಗವಾದದ್ದು ಇದೊಂದೇ.

ಹೊರಬಿದ್ದ ಇನ್ನೊಂದು ಮಾಹಿತಿಯಿಂದ ಮಾತ್ರ ಇಬ್ಬರು ಬಾತ್ಮೀದಾರರು ಜೀವಭಯದಿಂದ ಊರು ಬಿಡಬೇಕಾಯಿತು. ಮಾಕುಟ್ಟದ ಗಡಿರಸ್ತೆಯಲ್ಲಿ ಸಂಸ್ಥೆಗೆ ಸುದ್ದಿ ಕೊಡುತ್ತಿದ್ದವರ ಹೆಸರಿನ ಪಟ್ಟಿ ಹೊರದೇಶದವರ ಕೈ ಸೇರಿತ್ತು. ಆಗಸ್ಟ್ ತಿಂಗಳ ಮೊದಲಲ್ಲಿ ತನಿಖೆಗೆಂದು ದೆಹಲಿಯಿಂದ ಶ್ವೇತ ಮೇಡಂ ಬಂದರು. ಮೇಜಿನ ಮೇಲೆ ಒಂಬತ್ತು ಕೊರಿಯರ್ ಚೀಟಿಗಳನ್ನು ಇಸ್ಪೀಟಿನಂತೆ ಹರಡಿದರು.

“ಮುಂಬೈಗೆ ಒಂಬತ್ತು ಡಬ್ಬಿ ಕಾಳುಮೆಣಸು. ತಳದಲ್ಲಿ ಪೆನ್ ಡ್ರೈವ್. ಕಳಿಸಿದವರ ಹೆಸರು ನಿಮ್ದು, ಸಹಿ ನಿಮ್ದು.”

“ಸಾಹೇಬ್ರು ಕಳ್ಸು ಅಂದಿದ್ದು ಮೇಡಂ,” ಎಂದ ದಿಗಂತ್.

ಸಾಹೇಬರೆಂದರೆ ಶಾಖೆಯ ಮುಖ್ಯಸ್ಥ ಜವರಯ್ಯ. ಮಂಡ್ಯದ ಕಡೆಯವರು, ಇಪ್ಪತ್ತು ವರ್ಷ ದೆಹಲಿಯಲ್ಲಿದ್ದು ಹಿಂದಿನ ಅಕ್ಟೋಬರಿನಲ್ಲಷ್ಟೇ ಇಲ್ಲಿಗೆ ಬಂದವರು. ಅವರು ಮಗನನ್ನು ಕಳೆದುಕೊಂಡ ತಂದೆಯ ಮುಖ ಮಾಡಿದರು.

“ನೆಂಟರಿಗೆ ಮೆಣಸು ಕಳ್ಸಪ್ಪಾ ಅಂದಿದ್ದು ನಿಜ ಮೇಡಂ. ಡಬ್ಬಿ ತಳದಲ್ಲಿ ಇವನೇನು ಮಡಗಿದ ಅಂತ ನಾನೇನು ಕಂಡಿದ್ದೀನಿ?”

ನಾಳೆ ಎರಡು ಗಂಟೆಗೆ ಜೀಪು ಬರುತ್ತದೆ, ದಿಗಂತನನ್ನು ಬೆಂಗಳೂರಿಗೆ ಒಯ್ಯುತ್ತೇವೆ ಎಂದು ಹೇಳಿ ಮೇಡಂ ಲಾಡ್ಜಿಗೆ ಹೋದರು. ಅವನ ಫೋನನ್ನೂ ಒಯ್ದರು. ಅವರ ಕಾಲಸಪ್ಪಳ ಅಡಗಿದ್ದೇ ತಡ, ಜವರಯ್ಯ ಅವನ ಹೆಗಲ ಮೇಲೆ ಕೈಯಿಟ್ಟರು.

“ಅವಳ ಮುಂದೆ ಹಂಗೆ ಅನ್ನಲೇಬೇಕಿತ್ತು ಕಣ್ಲಾ. ಒಳಗಿಂದೊಳಗೇ ನಿನ್ನ ಬುಡುಸ್ತೀನಿ. ನಾನಿಲ್ವಾ?”

ದಿಗಂತ್ ನಂಬಿದ! ಆರು ವರ್ಷ ಗುಪ್ತಚರ ಸಂಸ್ಥೆಯಲ್ಲಿ ಅನ್ನ ತಿಂದವನು, ಹೆಗಲ ಮೇಲೆ ಬಿದ್ದ ಒಂದು ಕೈಯನ್ನು ನಂಬಿದ. ಅವನನ್ನು ಕಾಯಂ ಮಾಡಬೇಕೆಂಬ ಶಿಫಾರಸನ್ನು ಬರೆದದ್ದು ಅದೇ ಕೈ ಅಲ್ಲವೇ?

ಮರುದಿನ ಆಟಿ ಹದಿನೆಂಟು. ಮಳೆಗಾಲದ ಆಟಿ ತಿಂಗಳ ಆ ದಿನ ಕಾಡಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರುತ್ತದೆಂದು ಕೊಡಗಿನವರು ಅದನ್ನು ಬೇಯಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ತಿಂದವರಿಗೆಲ್ಲ ಮೂತ್ರ ಕೆಂಪಗೆ ಹೋಗುತ್ತದೆ. ಹೋದರೆ ಮದ್ದು ಮೈಗೆ ಹಿಡಿಯಿತೆಂದು ಲೆಕ್ಕ. ಹೋಗದಿದ್ದರೆ ಅಡುಗೆ ಮಾಡಿದವಳಿಗೆ ಬೈಗುಳ. ಇದನ್ನು ಇಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ನೀರು ಒದ್ದೆ ಎಂದು ಯಾರಾದರೂ ಹೇಳುತ್ತಾರೆಯೇ?

ಅವ್ವ ಪೂವಮ್ಮನಿಗೆ ದಿಗಂತ್ ಏನನ್ನೂ ಹೇಳಿರಲಿಲ್ಲ. ಅವಳು ಬೆಳಿಗ್ಗೆಯೇ ಪಾಯಸವಿಳಿಸಿ ಸ್ಟೀಲಿನ ಡಬ್ಬಿ ತುಂಬಿಸಿದಳು.

“ನಿನ್ನ ಸಾಹೇಬಂಗೆ ಕೊಡ್. ಪಾಪ, ಮನೆ ಬುಟ್ಟ್ ಬಂದ್ ಕುದ್ದವೆ.”

“ಪಾಪವೇ,” ಎಂದ ದಿಗಂತ್, ಮನೆ ಬಿಟ್ಟು ಬಂದು ಒಬ್ಬರೇ ಕೂತ ಸಾಹೇಬರನ್ನು ನೆನೆದು. ಸಂಜೆಗೆ ಮನೆಗೆ ಬರುತ್ತೇನೋ ಇಲ್ಲವೋ ಎಂದು ಅವನೂ ಎರಡು ಲೋಟ ಜಾಸ್ತಿಯೇ ಕುಡಿದ.

ಒಂಬತ್ತೂವರೆಗೆ ಜವರಯ್ಯ ಡಬ್ಬಿಯನ್ನು ಬೆರಳಿಂದ ಬಳಿದು ಮುಗಿಸಿದರು. “ಜೇನು ಸುರ್ದವ್ಳೆ ನಿಮ್ಮವ್ವ” ಎಂದು ಹೊಗಳಿದರು. ಹನ್ನೆರಡೂವರೆಗೆ ಕಕ್ಕಸಿನಿಂದ ಒಂದು ಕೂಗು ಕೇಳಿಸಿತು. ಪ್ಯಾಂಟಿನ ಜಿಪ್ಪು ಹಾಕುವುದನ್ನೂ ಮರೆತು ಅವರು ಹೊರಬಂದು ಕುರ್ಚಿಯಲ್ಲಿ ಕುಸಿದರು.

“ರಕ್ತ,” ಎಂದರು. “ವಿಷ ಯಾರಪ್ಪಾ ಹಾಕ್ಸಿದ್ದು? ಡೆಲ್ಲಿಯೋರಾ, ಆ ಹೊರದೇಶದೋರಾ?”

“ಸಾರ್, ಅದು ಪಾಯಸ...”

“ಪಾಯಸದಲ್ಲೇ ಅಂತ ಗೊತ್ತು ಕಣೋ! ಇಷ್ಟು ದಡ್ಡ ಮನುಷ್ಯ ಯಾರೂ ಇರಕ್ಕಾಗಲ್ಲ ಅಂತ ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು. ಆರು ವರ್ಷ! ಮಣ್ಣು ಮೂಸ್ಕೊಂಡು, ಸುಣ್ಣ ಹಾಕ್ಸಿ ಅನ್ಕೊಂಡು! ಎಂಥಾ ಕಲಾವಿದನಯ್ಯಾ ನೀನು!”

ಬದುಕಿನಲ್ಲಿ ಮೊದಲ ಸಲ ಯಾರೋ ತನ್ನನ್ನು ಬುದ್ಧಿವಂತ ಎಂದಿದ್ದರು. ದಿಗಂತನಿಗೆ ಸ್ವಲ್ಪ ಖುಷಿಯೇ ಆಯಿತು. ಆದರೂ ಸಾಯುವ ಭಯದಲ್ಲಿದ್ದವರನ್ನು ಆಟವಾಡಿಸುವುದು ಸರಿಯಲ್ಲವೆಂದು, ಸೊಪ್ಪಿನ ಸಂಗತಿ ಹೇಳಲು ಬಾಯಿ ತೆರೆದ.

“ಎಲ್ಲಾ ಹೇಳ್ಬುಡ್ತೀನಿ,” ಎಂದರು ಜವರಯ್ಯ. “ಪೆನ್ ಡ್ರೈವ್ ಮಡಗಿದ್ದು ನಾನೇ. ನಿನ್ನ ಹೆಸರಲ್ಲೇ ಯಾಕೆ ಕಳ್ಸಿದೆ ಅಂದ್ರೆ, ನೀನು ಜೈಲಿಗೋದ್ರೆ ಕೇಳೋರು ಯಾರೂ ಇರ್ಲಿಲ್ಲ. ತಪ್ಪಾಯ್ತು. ಇದಕ್ಕೆ ಏನಾರ ಔಷಧಿ ಇದ್ರೆ ಕೊಡಪ್ಪಾ, ನಿನ್ನ ಕಾಲು ಹಿಡೀತೀನಿ.”

ದಿಗಂತ್ ತೆರೆದ ಬಾಯಿ ಮುಚ್ಚಿದ. ಕೇಳೋರು ಯಾರೂ ಇಲ್ಲವಂತೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸೊಪ್ಪು ಬೇಯಿಸಿದವಳು ಹಾಗಾದರೆ ಯಾರು? ಒಂದೇ ಮಾತಿನಲ್ಲಿ ಈ ಮನುಷ್ಯನ ಭಯ ಇಳಿಸಬಹುದಿತ್ತು. ಇಳಿಸಿದರೆ ಎರಡು ಗಂಟೆಯ ಜೀಪಿನಲ್ಲಿ ಹೋಗುವವನು ತಾನು. ಸಂಸ್ಥೆಗೆ ಸೇರಿದ ಮೇಲೆ ಅವನು ಕಾಪಾಡಿದ ಮೊದಲ ಗುಟ್ಟು, ಕೊನೆಯದೂ, ಅದೇ.

“ಮೊದ್ಲು ಮೇಡಂ ಬರ್ಲಿ ಸಾರ್,” ಎಂದ. “ಅವ್ರ ಎದುರಿಗೆ ಹೇಳಿ. ಆಮೇಲೆ ನೋಡುವ.”

ಎರಡು ಗಂಟೆಗೆ ಬಂದ ಶ್ವೇತ ಮೇಡಂಗೆ ಪ್ರಶ್ನೆ ಕೇಳುವ ಕೆಲಸವೇ ಇರಲಿಲ್ಲ. ಜವರಯ್ಯ ದೆಹಲಿಯಲ್ಲಿದ್ದಾಗಿನಿಂದಲೂ ಎರಡು ಕಡೆಗೂ ದುಡಿದ ಮೂರು ವರ್ಷದ ಕತೆಯನ್ನು ದಿನಾಂಕ ಸಮೇತ ಒಪ್ಪಿಸಿದರು. ಫೋನಿನಲ್ಲಿ ರೆಕಾರ್ಡಾಯಿತು, ಹನ್ನೊಂದು ಹಾಳೆಗೆ ಸಹಿಯೂ ಬಿತ್ತು. ಆಮೇಲೆ ಅವರನ್ನು ಆಸ್ಪತ್ರೆಗೆ ಒಯ್ದರೆ, ಅಲ್ಲಿನ ಡಾಕ್ಟರು ನಾಡಿಯನ್ನೂ ಹಿಡಿಯದೆ, “ಬೆಳಿಗ್ಗೆ ಪಾಯಸ ತಿಂದ್ರಾ?” ಎಂದರು. “ನಂದೂ ಹಂಗೇ ಹೋಗ್ತಾ ಉಂಟು. ಮುಂದಿನೋರು ಬನ್ನಿ.”

ಜೀಪು ಹೊರಡುವಾಗ ದಿಗಂತನಿಗೆ ತಡೆಯಲಾಗಲಿಲ್ಲ. “ಸಾರ್, ಆ ಪಟ್ಟಿಯಲ್ಲಿ ನನ್ನ ಹೆಸ್ರೂ ಇತ್ತಾ?”

ಜವರಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಂದ್ಯಾಕ್ಲಾ? ಅವ್ರು ಕೆಲ್ಸಕ್ಕೆ ಬರೋರ ಹೆಸರು ಮಾತ್ರ ಕೇಳಿದ್ರು.”

ಶ್ವೇತ ಮೇಡಂ ದೆಹಲಿಗೆ ಬರೆದ ವರದಿಯಲ್ಲಿ ‘ಸುಧಾರಿತ ವಿಚಾರಣಾ ವಿಧಾನ’ ಎಂದಿತ್ತು, ಪಾಯಸ ಎಂದಿರಲಿಲ್ಲ. ತಿಂಗಳೊಳಗೆ ಬೋರ್ಡು ಇಳಿಯಿತು. ಕಾಯಂ ಮಾತು ಹಾಗಿರಲಿ, ಕೊನೇಪಕ್ಷ ಅನುಭವದ ಸರ್ಟಿಫಿಕೇಟ್ ಕೊಡಿ ಎಂದು ದಿಗಂತ್ ಕೇಳಿದ.

“ಇಲ್ಲದ ಕಚೇರಿಯಲ್ಲಿ ನೀವು ಕೆಲಸ ಮಾಡಿದ್ರಿ ಅಂತ ಹೇಗೆ ಬರೆದುಕೊಡೋದು?” ಎಂದರು ಮೇಡಂ, ನಿಜವಾದ ಕಳಕಳಿಯಿಂದ. “ಜೈಲಿಗೆ ಹೋಗಲಿಲ್ಲವಲ್ಲ, ಅದೇ ದೊಡ್ಡದು ಅಂದ್ಕೊಳ್ಳಿ.”

ಅಂದುಕೊಂಡ. ಕುರ್ಚಿ ಮೇಜು ಲಾರಿಗೆ ಏರುತ್ತಿದ್ದಾಗ, ಹತ್ತಿರದ ಎಸ್ಟೇಟಿನ ಒಡತಿ ಬೊಳ್ಳಮ್ಮ ಒಂದು ಕವರು ಮಣ್ಣು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

“ಆಫೀಸ್ ಮುಚ್ತಾ ಉಂಟು ಅಮ್ಮಾ,” ಎಂದ ದಿಗಂತ್. “ಅಲ್ಲದೆ ಇದು ಮಣ್ಣಿನ ಆಫೀಸೇ ಅಲ್ಲ.”

“ಅದು ಇಡೀ ಅಮ್ಮತ್ತಿಗೇ ಗೊತ್ತಿಲ್ವಾ ಮಾರಾಯ? ನಾನು ಆಫೀಸನ್ನು ಕೇಳಿದ್ನಾ? ನೀನು ಹೇಳಿದ ಮೇಲೆ ಸುಣ್ಣ ಹಾಕ್ಸಿ ನನ್ನ ತೋಟ ಎದ್ದು ನಿಂತಿದೆ. ಎಲ್ಲಿಗೆ ಹೋಗ್ತಿ ಈಗ?”

“ಎಲ್ಲಿಗೂ ಇಲ್ಲ.”

“ಹಾಗಾದ್ರೆ ಬಾ. ತೋಟದ ಲೆಕ್ಕ ಬರೀತಿದ್ದ ನಮ್ಮ ರೈಟರ್ ಬಿಟ್ಟು ಹೋಗಿದ್ದಾನೆ. ಆರು ವರ್ಷದ ಅನುಭವ ಅಂತ ನಾನೇ ಬರ್ಕೊಳ್ತೇನೆ.”

ದಿಗಂತ್ ಈಗ ಆ ಎಸ್ಟೇಟಿನ ರೈಟರು. ಲೈನ್‌ಮನೆಗಳ ಕೂಲಿಯವರ ಹಾಜರಿ ಹಾಕುತ್ತಾನೆ, ಮಣ್ಣು ಮೂಸುತ್ತಾನೆ. ಈ ವರ್ಷ ಹೊರಗಿನಿಂದ ಹೊಸ ಮ್ಯಾನೇಜರು ಬಂದಿದ್ದಾರೆ. ಮಾತುಮಾತಿಗೆ ಹೆಗಲ ಮೇಲೆ ಕೈಯಿಡುತ್ತಾರೆ. ಆಟಿ ಹದಿನೆಂಟಕ್ಕೆ ಪೂವಮ್ಮ ಅವರಿಗೂ ಒಂದು ಡಬ್ಬಿ ಕಳಿಸಿದಳು. ದಿಗಂತ್ ಅದನ್ನು ವಿನಯದಿಂದ ಅವರ ಮುಂದಿಟ್ಟ. ಸೊಪ್ಪಿನ ವಿಷಯ ಹೇಳಲಿಲ್ಲ. ಹಾಜರಿ ಪುಸ್ತಕ ತೆರೆದು, ಕಕ್ಕಸಿನ ಬಾಗಿಲು ಕಾಣುವ ಹಾಗೆ ಕುರ್ಚಿ ತಿರುಗಿಸಿ ಕೂತ.