ಮಂಜೂರಾತಿಗೆ ಕಾದ ಡೇಟಾಬೇಸ್

ದೆಹಲಿಯ ಆರ್.ಕೆ.ಪುರಂನ ನಮ್ಮ ಕನ್ನಡ ಬಳಗದ ಗ್ರಂಥಾಲಯ ಎಂದರೆ ಒಂದು ಕೋಣೆ, ಆರು ಬೀರು ಮತ್ತು ದಕ್ಷಿಣಾಮೂರ್ತಿ. ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಮನೆ ಲೋಧಿ ಕಾಲೋನಿಯಲ್ಲಿ. ಭಾನುವಾರ ಬಂದು ಬೀಗ ತೆಗೆಯುವವರು ಅವರೇ, ಧೂಳು ಹೊಡೆಯುವವರೂ ಅವರೇ.

ಬಳಗದ ಅಧ್ಯಕ್ಷ ಇಂದುಶೇಖರ ಅವರಿಗೆ ಆ ಕೋಣೆಯಲ್ಲಿ ಯೋಗ ತರಗತಿ ನಡೆಸುವ ಆಸೆ. “ಈಗ ಯಾರು ಓದ್ತಾರೆ ಸ್ವಾಮಿ? ಮುಂದಿನ ಸಭೆಗೆ ಓದುವವರ ಪಟ್ಟಿ ತನ್ನಿ. ಇಲ್ಲದಿದ್ರೆ ಕೋಣೆ ಖಾಲಿ ಮಾಡಿ” ಎಂದರು.

ದಕ್ಷಿಣಾಮೂರ್ತಿ ನನ್ನ ಬಳಿ ಬಂದರು. ನಾನು ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಅವರ ಮಗಳು ಸಿಂಚನಾಳ ಹಳೆಯ ಲ್ಯಾಪ್‌ಟಾಪಿನಲ್ಲಿ ಡೇಟಾಬೇಸ್ ಹಾಕಿಕೊಟ್ಟೆ. ಸದಸ್ಯರದೊಂದು ಪಟ್ಟಿ, ಪುಸ್ತಕಗಳದೊಂದು, ಯಾರು ಏನು ಒಯ್ದರು ಎಂಬುದು ಮೂರನೆಯದು. ಮೂರೂ ಕ್ರಮಸಂಖ್ಯೆಯಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ.

“ಇದನ್ನೆಲ್ಲ ನಾವು ಜೋಡಿಸಬೇಕಿಲ್ಲ ಸರ್. ಡೇಟಾಬೇಸ್ ನಡೆಸುವ ತಂತ್ರಾಂಶವನ್ನೆಲ್ಲ ಸಿದ್ಧಮಾಡಿ ಕಟ್ಟಿಟ್ಟ ಇಮೇಜ್ ಇಂಟರ್ನೆಟ್ಟಿನಲ್ಲಿ ಸಿಗುತ್ತೆ. ಅದರಿಂದ ನಮ್ಮ ಕೆಲಸಕ್ಕೆ ಓಡುವ ಪ್ರತಿ, ಒಂದು ಕಂಟೇನರ್, ಚಾಲೂ ಮಾಡಿದ್ರೆ ಸಾಕು.”

“ಅಂದ್ರೆ ಇಮೇಜು ಮೂಲಪ್ರತಿ, ಕಂಟೇನರು ಕಚೇರಿ ಪ್ರತಿ.”

“ಹೆಚ್ಚುಕಡಿಮೆ ಹಾಗೇ” ಎಂದುಬಿಟ್ಟೆ. ತಪ್ಪು ನನ್ನದು. ಕಮಾಂಡುಗಳನ್ನು ಬರೆದುಕೊಟ್ಟ ಹಾಳೆಯೂ ನಮ್ಮ ಆಫೀಸಿನದರ ನಕಲು. ಅಲ್ಲಿ ಪರೀಕ್ಷೆಗೆ ಹಾಕಿದ ಡೇಟಾವನ್ನು ದಿನವೂ ಎಸೆಯುತ್ತೇವೆ. ಹಾಗಾಗಿ ಹಾಳೆಯ ಕೊನೆಯ ಎರಡು ಸಾಲು ಅಳಿಸುವುದಕ್ಕೆ ಸಂಬಂಧಿಸಿದ್ದವು.

ಅವರು ಐದು ವಾರ ಕೂತು ಎರಡು ಸಾವಿರದ ಮುನ್ನೂರ ಹದಿನಾರು ಪುಸ್ತಕಗಳನ್ನೂ ಯಾರು ಯಾವುದನ್ನು ಒಯ್ದಿದ್ದಾರೆ ಎಂಬುದನ್ನೂ ನಮೂದಿಸಿದರು. ನಮೂದಾದ ಹಳೆಯ ಚೀಟಿಗಳನ್ನು ಕಚೇರಿಯ ಪದ್ಧತಿಯಂತೆ ಹರಿದು ರದ್ದಿ ಕೊಳ್ಳುವ ಕಬಾಡಿಯವನಿಗೆ ಕೊಟ್ಟರು.

ಸಭೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ ನಾನು ಕರೋಲ್ ಬಾಗ್‌ನಲ್ಲಿ ಒಂದು ಕಾಲಿಗೆ ಹೊಸ ಶೂ ಹಾಕಿಕೊಂಡು ಕೂತಿದ್ದಾಗ ದಕ್ಷಿಣಾಮೂರ್ತಿಯವರ ಫೋನ್ ಬಂತು.

“ತಮ್ಮಾ, ಒಂದು ಮಂಜೂರಾತಿ ಬೇಕಿತ್ತು. ಕೆಲಸ ಮುಗೀತು. ಮೂಲಪ್ರತಿ ಇದೆಯಲ್ಲ ಅಂತ ಹಾಳೆಯಲ್ಲಿದ್ದ ಹಾಗೇ ಕಚೇರಿ ಪ್ರತಿ ನಾಶಮಾಡಿದೆ. ಈಗ ನಿಮ್ಮ ಹಾಳೆಯ ಕೊನೇ ಸಾಲು ಹಾಕಿದ್ದೀನಿ. ‘ಖಚಿತವೇ? ವೈ ಅಥವಾ ಎನ್’ ಅಂತ ಕೇಳ್ತಿದೆ.”

ಹಿಂದಿನಿಂದ ಸಿಂಚನಾ ಕೂಗಿದಳು: “ಪಾಪಾ, ವೈ ಒತ್ತಿ ನಾ! ಅಣ್ಣಾ, ಅರ್ಧ ಗಂಟೆಯಿಂದ ಸ್ಕ್ರೀನ್ ನೋಡ್ತಾ ಕೂತಿದಾರೆ. ಲ್ಯಾಪ್‌ಟಾಪ್ ನಂದು!”

“ಸುಮ್ನಿರಮ್ಮ. ಮೂವತ್ತನಾಲ್ಕು ವರ್ಷದ ಸರ್ವೀಸಲ್ಲಿ, ಖಚಿತವೇ ಅಂತ ಕೇಳಿದ ಕಾಗದಕ್ಕೆ ನಾನೊಬ್ಬನೇ ಹೌದು ಅಂತ ಬರೆದಿಲ್ಲ.”

“ಏನೂ ಒತ್ತಬೇಡಿ ಸರ್! ಬಂದೆ.”

“ಬಾಯಿಮಾತು ಸಾಲದು. ವಾಟ್ಸಾಪಲ್ಲಿ ಹಾಕಿ.”

‘ಒತ್ತಕೂಡದು’ ಎಂದು ಕಳಿಸಿದೆ. ‘ಗಮನಿಸಲಾಗಿದೆ’ ಎಂದು ಉತ್ತರ ಬಂತು.

ಅವರ ಮನೆಗೆ ಹೋಗಿ ಸತ್ಯ ಹೇಳಿದೆ. ಇಮೇಜಿನಲ್ಲಿ ಅವರು ಬರೆದ ಒಂದಕ್ಷರವೂ ಇರುವುದಿಲ್ಲ. ಅದು ಭರ್ತಿ ಮಾಡದ ನಮೂನೆ ಇದ್ದಂತೆ. ಅವರು ಕನ್ನಡಕ ತೆಗೆದಿಟ್ಟರು. “ಹಾಗಾದ್ರೆ ಕೋಣೆ ಹೋಯ್ತು.”

“ಇನ್ನೂ ಇಲ್ಲ.” ಆ ಇಮೇಜ್ ಮಾಡಿದವರು ಡೇಟಾ ಕೂರಲು ಕಂಟೇನರಿನ ಹೊರಗೆ ಬೇರೆ ಜಾಗ ಮಾಡಿದ್ದರು. ಕಂಟೇನರ್ ಹೋದರೂ ಅದು ವಾರಸುದಾರರಿಲ್ಲದ ಟ್ರಂಕಿನಂತೆ ಬಿದ್ದಿರುತ್ತದೆ. ಕೊನೆಯ ಸಾಲು ಇದ್ದದ್ದು ಅದನ್ನು ಎಸೆಯುವುದಕ್ಕೆ. ನಾನು ‘ಎನ್’ ಒತ್ತಿ, ಹುಡುಕಿ, ಅದೇ ಇಮೇಜಿನಿಂದ ಹೊಸ ಕಂಟೇನರ್ ಮಾಡಿ ಆ ಜಾಗಕ್ಕೆ ಜೋಡಿಸಿದೆ. ಪುಸ್ತಕಗಳೆಲ್ಲ ಬಂದವು.

“ಪಾಪಾ ಕೇ ಡರ್ ನೇ ಬಚಾ ಲಿಯಾ” ಎಂದಳು ಸಿಂಚನಾ; ಅಪ್ಪನ ಹೆದರಿಕೆಯೇ ಕಾಪಾಡಿತಂತೆ.

“ಡರ್ ಅಲ್ಲಮ್ಮ, ಪ್ರೊಸೀಜರ್” ಎಂದವರೇ ನನ್ನಿಂದ ಎರಡು ಪೆನ್‌ಡ್ರೈವಿಗೆ ಪ್ರತಿ ಮಾಡಿಸಿಕೊಂಡರು.

ಮರುದಿನ ಸಭೆಯಲ್ಲಿ ಪಟ್ಟಿ ಓದಿದರು. ಬಹಳ ದಿನದಿಂದ ಪುಸ್ತಕ ಇಟ್ಟುಕೊಂಡವರ ಹೆಸರು ಮೊದಲು ಬರುವಂತೆ ನಾನೇ ಜೋಡಿಸಿಕೊಟ್ಟಿದ್ದೆ. ಮೊದಲ ಹೆಸರು ಯಾರದೆಂದು ನೋಡಿರಲಿಲ್ಲ. ಇಂದುಶೇಖರ, ಏಳು ಪುಸ್ತಕ, ಹನ್ನೊಂದು ವರ್ಷ.

ಅಧ್ಯಕ್ಷರು ಕೆಮ್ಮಿದರು. “ಅದೂ... ಇನ್ನೂ ಓದ್ತಾ ಇದ್ದೀನಿ.”

“ಹಾಗಾದ್ರೆ ಓದುವವರು ಇದ್ದಾರೆ” ಎಂದರು ದಕ್ಷಿಣಾಮೂರ್ತಿ, ಪೆನ್ನಿನ ಕ್ಯಾಪ್ ತೆಗೆಯುತ್ತ. “ನಡಾವಳಿಯಲ್ಲಿ ಬರ್ಕೊಳ್ಳಲೇ ಸಾರ್?”

ಯೋಗ ತರಗತಿ ಈಗ ತಾರಸಿಯ ಮೇಲೆ ನಡೆಯುತ್ತದೆ.