ತಪ್ಪಿಗೆ ಕಿವಿಗೊಟ್ಟ ಮೇಷ್ಟ್ರು

ಅವರ ಧೋತರದ ಮೇಲೆ, ಮೊಣಕಾಲಿರುವ ಜಾಗದಲ್ಲಿ, ಸಗಣಿ ಬಣ್ಣದ ಎರಡು ದುಂಡನೆಯ ಕಲೆಗಳಿರುತ್ತಿದ್ದವು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮಗು ಉತ್ತರ ಹೇಳುವಾಗ ಅವರು ಸಾರಿಸಿದ ನೆಲಕ್ಕೆ ಮೊಣಕಾಲೂರಿ, ತಮ್ಮ ಕಿವಿಯನ್ನು ಅದರ ಬಾಯಿಯ ಮಟ್ಟಕ್ಕೆ ತರುತ್ತಿದ್ದರು. ಐವತ್ತು ದಾಟಿದ ಎತ್ತರದ ಆಳು. ಹಾಗೆ ದಿನಕ್ಕೆ ಎಷ್ಟು ಸಲ ಕೂತು ಏಳುತ್ತಾರೆಂದು ಒಮ್ಮೆ ಎಣಿಸಿ ಬರೆದುಕೊಂಡೆ: ಅರವತ್ತೆರಡು.

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಬಳ್ಳಾರಿಯಿಂದ ಕುರುಗೋಡಿನ ಶಾಲೆಗೆ ಹೊಸದಾಗಿ ಪಾಠ ಹೇಳಲು ಹೋದೆ. ಅವರು ಅಲ್ಲಿನ ಹೆಡ್‌ಮೇಷ್ಟ್ರು. ಊರಿಗೆ ಅವರು ದೊಡ್ಡ ಮೇಷ್ಟ್ರು, ನಾನು ಸಣ್ಣ ಮೇಷ್ಟ್ರು. ನನ್ನ ಬಳಿ ಒಂದು ನೋಟುಬುಕ್ಕಿತ್ತು. ಮಗುವಿಗೊಂದು ಪುಟ, ತಾರೀಖು, ಕೇಳಿದ ಲೆಕ್ಕ, ಕೊಟ್ಟ ಉತ್ತರ, ಸರಿಯೋ ತಪ್ಪೋ. ಮಕ್ಕಳು ಬೆತ್ತಕ್ಕಿಂತ ಅದಕ್ಕೇ ಹೆಚ್ಚು ಹೆದರುತ್ತಾರೆಂದು ನನಗೆ ಹೆಮ್ಮೆ.

ಎರಡನೆಯ ತರಗತಿಯ ಒಬ್ಬ ಹುಡುಗಿಯ ಪುಟದಲ್ಲಿ ಇಪ್ಪತ್ಮೂರು ತಪ್ಪುಗಳಾದವು. ಪಾಸು ಮಾಡಲಾಗದು ಎಂದು ಕೆಳಗೆ ಬರೆದೆ. ಅವಳ ಅಜ್ಜಿ ಸಂತೆಯಲ್ಲಿ ಜೋಳ ಅಳೆದು ಮಾರುವವಳು. ಸುದ್ದಿ ತಿಳಿದು ನೇರ ಶಾಲೆಗೇ ಬಂದಳು.

"ತಲ್ಯಾಗ ಲೆಕ್ಕ ಇಳೀವಲ್ದು ಅಂದ್ರ ಸಾಲಿ ಯಾಕ್ರಿ ಇಕಿಗೆ? ನಾಳಿಂದ ನನ್ನ ಸಂಗಾಟ ಸಂತ್ಯಾಗ ಕುಂದರ್ತಾಳ ಬಿಡ್ರಿ."

"ಎರಡು ದಿನ ತಡೀರಿ ಅಮ್ಮಾ," ಎಂದ ದೊಡ್ಡ ಮೇಷ್ಟ್ರು ನನ್ನ ಕಡೆ ತಿರುಗಿದರು. "ಸಣ್ಣ ಮೇಷ್ಟ್ರ, ನಿಮ್ಮ ಪುಸ್ತಕ ಕೊಡ್ರಿ. ಮನಿಗೆ ಒಯ್ದು ಓದ್ತೀನಿ."

ತಪ್ಪುಗಳ ಪಟ್ಟಿಯಲ್ಲಿ ಓದುವುದೇನಿದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವರು ಆ ಪುಟ ತೆರೆದು ತೋರಿಸಿದರು.

"ಎತ್ತು, ಕುರಿ, ಮಾವಿನಕಾಯಿ, ಎಲ್ಲಾ ಸರಿ ಮಾಡ್ಯಾಳ. ಜೋಳ, ಅಕ್ಕಿ, ಕಡ್ಲಿ ಬಂದಾಗ ಮಾತ್ರ ತಪ್ಪು. ಅದೂ ಪ್ರತಿ ಸಲ ಒಂದೇ ಹೆಚ್ಚು. ಇಷ್ಟು ಚಂದ ಬರದಿಟ್ಟು ನೀವ ನೋಡ್ಲಿಲ್ಲೇನು?"

ನೋಡಿರಲಿಲ್ಲ. ಬರೆದವನು ನಾನು, ಓದಿದವರು ಅವರು.

ಹುಡುಗಿಯ ಮುಂದೆ ಮೊಣಕಾಲೂರಿದರು. "ನಾಕು ಸೇರು ಜೋಳ, ಇನ್ನೈದು ಸೇರು. ಎಷ್ಟಾತವ್ವಾ?"

"ಹತ್ರಿ."

"ಹೆಂಗ ಮಾಡಿದಿ?"

ಅವಳು ಹೆದರಿ ನನ್ನತ್ತ ನೋಡಿದಳು.

"ಅವರ್ನ ಬಿಡು. ನನಗ ಹೇಳು."

"ಒಂಬತ್ತು ಅಳದು ಹಾಕದ್ರಿ. ಆಮ್ಯಾಲೆ ಗಿರಾಕಿಗೆ ಕೊಸರು ಹಾಕಬೇಕಲ್ರಿ. ಇಲ್ಲಂದ್ರ ಅಜ್ಜಿ ಬೈತಾಳ."

"ಕೊಸರು ಅಂದ್ರ ಅಳತಿ ಮ್ಯಾಲೆ ಹಾಕೋ ಒಂದು ಹಿಡಿ ಅಲ್ಲೇನವ್ವಾ?"

"ಹಿಡಿ ಆದ್ರೂ ಒಂದ ಅಲ್ಲೇನ್ರಿ?"

ಅವರು ನಗಲಿಲ್ಲ. "ಖರೇ ಐತಿ. ಸಂತ್ಯಾಗ ಹಾಕ್ಲೇಬೇಕು. ಆದ್ರ ಪಾಟಿ ಮ್ಯಾಲಿನ ಲೆಕ್ಕದಾಗ ಗಿರಾಕಿ ಇರಂಗಿಲ್ಲ, ಕೊಸರೂ ಇಲ್ಲ."

"ಹಂಗಂತ ಮೊದ್ಲ ಹೇಳಬಾರದೇನ್ರಿ?"

ಅವಳು ಕೇಳಿದ್ದು ಅವರನ್ನು. ತಲೆ ತಗ್ಗಿಸಿದವನು ನಾನು. ಇಪ್ಪತ್ಮೂರು ಸಲ ತಪ್ಪು ಎಂದಿದ್ದೆ. ಹೇಗೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಅಂದು ಕೊಟ್ಟ ಹತ್ತು ಲೆಕ್ಕಗಳೂ ಸರಿಯಾದವು. ಮರುದಿನ ಬಂದ ಅಜ್ಜಿ ಎಲ್ಲವನ್ನೂ ಕೇಳಿ, "ಅಂದ್ರ ನಪಾಸಾದಾಕಿ ನಾನ ಅನ್ರಿ! ನನ್ನ ಕುಂದರಿಸ್ಕೋರಿ ಎರಡನೇ ಕ್ಲಾಸಿಗೆ," ಎಂದು ನಕ್ಕು ಒಬ್ಬಳೇ ಹಿಂತಿರುಗಿದಳು. ಹುಡುಗಿ ಶಾಲೆಯಲ್ಲಿ ಉಳಿದಳು.

ದೊಡ್ಡ ಮೇಷ್ಟ್ರು ಇದನ್ನು ಯಾರ ಮುಂದೆಯೂ ಹೇಳಿಕೊಂಡಿದ್ದು ನನಗೆ ಗೊತ್ತಿಲ್ಲ. ಮುಂದಿನ ಮೂರು ವರ್ಷ ಅವರ ಪಕ್ಕದ ಕೋಣೆಯಲ್ಲಿ ಪಾಠ ಮಾಡಿದೆ. ತಪ್ಪು ಉತ್ತರ ಬಂದಾಗ ಅವರ ಮುಖ ಅರಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ದೂರದ ಊರಿನಿಂದ ಕಾಗದ ಬಂದವರ ಹಾಗೆ. ಆಮೇಲೆ ಅವರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಸಿರುಗುಪ್ಪದ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ನನ್ನ ಪುಸ್ತಕದಲ್ಲಿ ಅಷ್ಟರಲ್ಲಿ ‘ಹೇಗೆ’ ಎಂಬ ಅಂಕಣವೊಂದು ಹೆಚ್ಚಾಗಿತ್ತು. ಹಿಂದಿನ ದಿನ ಮೂವರು ಮಕ್ಕಳ ಪುಟದಲ್ಲಿ ಅದು ಖಾಲಿ ಉಳಿದಿತ್ತು. ಮೂವರನ್ನೂ ಕರೆದು ಕೇಳಿದೆ. ಇಬ್ಬರದು ತಿಳಿಯಿತು. ಮೂರನೆಯವನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ, ಅರ್ಥವಾಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಸಿರುಗುಪ್ಪ ಕಾಣಿಸಿದಾಗ, ಹೇಗೂ ಬಂದೆನಲ್ಲ, ದೊಡ್ಡ ಮೇಷ್ಟ್ರನ್ನೇ ಕೇಳಿದರಾಯಿತು ಎಂದು ಪುಸ್ತಕವನ್ನು ಚೀಲದಿಂದ ತೆಗೆದೆ.

ಕಂಡಕ್ಟರು ಇಳಿಯಿರಿ ಎನ್ನುವವರೆಗೂ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ.