ಬಾರ್ಜಿನಡಿಯ ಬೆಸುಗೆ

ಕಾಸರಕೋಡಿನ ಜಟ್ಟಿ ತನ್ನ ಇಪ್ಪತ್ತಾರನೆಯ ವಯಸ್ಸಿನವರೆಗೂ ಕಡಲಿಗೆ ಹೋದವನು. ೧೯೭೬ರಲ್ಲಿ ದೋಣಿಯನ್ನು ದಡಕ್ಕೆ ಎಳೆಯುವಾಗ ಅದರಡಿಗೆ ಸಿಕ್ಕಿ ಬಲಗಾಲು ಮುರಿಯಿತು. ಮೂಳೆ ಕೂಡಿತು, ನಡಿಗೆ ಸೊಟ್ಟಾಯಿತು. ತೆರೆಯ ಮೇಲೆ ಕಾಲೂರಿ ನಿಲ್ಲಲಾಗದವನನ್ನು ಯಾವ ದೋಣಿಯವರೂ ಕರೆಯಲಿಲ್ಲ. ಹೆಂಡತಿ ಗಂಗಾ ಮೀನಿನ ಬುಟ್ಟಿ ಹೊತ್ತು ಮನೆ ನಡೆಸುತ್ತಿದ್ದಳು. ಎರಡು ತಿಂಗಳು ಜಗಲಿಯಲ್ಲಿ ಕುಳಿತಿದ್ದ ಜಟ್ಟಿ ಒಂದು ದಿನ ಎದ್ದು, ಹೊನ್ನಾವರದ ದಾಸ ಮೇಸ್ತರ ವೆಲ್ಡಿಂಗ್ ಅಂಗಡಿಯ ಮುಂದೆ ಹೋಗಿ ನಿಂತ.

"ಕಾಲು ಹೋದ್ರೆ ಹೋತು. ಕೈ ಎರಡೂ ಗಟ್ಟಿ ಅದೆ. ಕೆಲ್ಸ ಕಲಿಸಿ."

ಗೇಟು, ಕಿಟಕಿ ಸರಳುಗಳ ಕೆಲಸ ವರ್ಷದೊಳಗೆ ಕೈಗೆ ಹತ್ತಿತು. ಸೋಲಿಸಿದ್ದು ಕೆಳಗೆ ಮಲಗಿ ಮೇಲಕ್ಕೆ ಹಾಕುವ ಬೆಸುಗೆ. ಲಾರಿಯೊಂದರ ಅಡಿಯಲ್ಲಿ ಮೊದಲ ಸಲ ಹಾಕುವಾಗ ಕರಗಿದ ಕಬ್ಬಿಣ ಕೊರಳ ಮೇಲೆ ಬಿತ್ತು. ಬೆದರಿ ಕೈ ಎಳೆದುಕೊಂಡ. ಆ ಲಾರಿ ಮಾವಳ್ಳಿ ಮುಟ್ಟುವ ಮೊದಲೇ ಬೆಸುಗೆ ಬಿಟ್ಟುಕೊಂಡಿತು. ಡ್ರೈವರ್ ತಿರುಗಿ ಬಂದು ಎಲ್ಲರೆದುರು ಕೂಗಿದ: "ಇದೆಂತ ವೆಲ್ಡಿಂಗಾ, ಕರಗಿದ ಮೇಣವಾ?"

ಜಟ್ಟಿ ಮರುದಿನದಿಂದ ಅಂಗಡಿಯ ಅಡ್ಡತೊಲೆಗೆ ಗುಜರಿ ತಗಡು ಕಟ್ಟಿ, ಸಂಜೆ ಕೆಲಸ ಮುಗಿದ ಮೇಲೆ ಒಂದು ತಾಸು ಅದರಡಿ ಮಲಗಿ ಬೆಸುಗೆ ಹಾಕಿ ಕಲಿಯತೊಡಗಿದ.

"ಕಬ್ಬಿಣ ನೀರಾದ್ರೆ ಬೀಳುದೇ," ಎಂದರು ದಾಸ ಮೇಸ್ತರು. "ಬೀಳುವಷ್ಟು ನೀರು ಮಾಡ್ಬೇಡ. ಕರೆಂಟು ಇಳಿಸು, ಸಪೂರ ವೆಲ್ಡಿಂಗ್ ರಾಡು ಹಿಡಿ. ತುದಿ ತಗಡಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ಹತ್ರ ಇರ್ಲಿ. ಕೈ ಆಚೀಚೆ ಆಡಿಸ್ಬೇಡ, ಒಂದೇ ಗೆರೆ ಎಳಿ. ಮೇಲೆ ಕಟ್ಟಿದ ಕಿಟ್ಟ ಕೆತ್ತಿ ತೆಗೆದು ಅದ್ರ ಮೇಲೆ ಇನ್ನೊಂದು."

ಉಳಿದದ್ದನ್ನು ಜಟ್ಟಿ ತಾನೇ ಕಂಡುಕೊಂಡ. ಕೇಬಲ್ಲನ್ನು ಹೆಗಲ ಮೇಲೆ ಹಾಯಿಸಿದರೆ ಕೈಗೆ ಭಾರವಿಲ್ಲ, ನಡುಗುವುದಿಲ್ಲ. ಬೆಸುಗೆಯ ನೇರ ಕೆಳಗೆ ಮಲಗಬಾರದು, ತುಸು ಪಕ್ಕಕ್ಕಿರಬೇಕು. ಕಡಲ ಗಾಳಿಗೆ ಥಂಡಿ ಹಿಡಿದ ರಾಡನ್ನು ಒಲೆಯ ಬದಿಗಿಟ್ಟು ಒಣಗಿಸಬೇಕು. ನಾಲ್ಕು ತಿಂಗಳಲ್ಲಿ ಕೊರಳ ತುಂಬ ಸುಟ್ಟ ಚುಕ್ಕೆಗಳಾದವು, ಗೆರೆ ನೆಟ್ಟಗಾಯಿತು.

೧೯೮೩ರಲ್ಲಿ ಹೊಳೆ ದಾಟಿಸುವ ವೆಂಕಟನ ಬಾರ್ಜಿನ ತಳ ತೂತಾಯಿತು. ದಿಮ್ಮಿಗಳ ಮೇಲೆ ದಡಕ್ಕೆಳೆದು ನೋಡಿದರೆ, ತೂತಿರುವುದು ಸರಿಯಾಗಿ ಇಂಜಿನ್ನಿನ ಕೆಳಗೆ. ಒಳಗಿನಿಂದ ರಾಡು ತಾಗಿಸಲು ಜಾಗವೇ ಇರಲಿಲ್ಲ. ಬೇರೆ ಊರಿನಿಂದ ಬಂದ ವೆಲ್ಡರ್, ಬಾರ್ಜನ್ನು ಮಗುಚದೆ ಆಗುವುದಿಲ್ಲ ಎಂದು ಹೇಳಿ ಹೋದ. ಹುಣ್ಣಿಮೆಗೆ ಮೂರೇ ದಿನ. ಆ ದಿನದ ದೊಡ್ಡ ಭರತದಲ್ಲಿ ನೀರು ದಡಕ್ಕೇರಿದಾಗ ಬಾರ್ಜು ಇಳಿಯದಿದ್ದರೆ, ಅಮಾವಾಸ್ಯೆಯವರೆಗೆ ಮತ್ತೆ ಹದಿನೈದು ದಿನ ಆಚೆ ದಡದವರಿಗೆ ದಾಟುವ ದಾರಿಯಿಲ್ಲ.

ಜಟ್ಟಿ ಕುಂಟುತ್ತ ಬಂದು ದಿಮ್ಮಿಗಳ ನಡುವೆ ಇಣುಕಿದ. "ಮಗುಚುದು ಬೇಡ. ನಾ ಅಡಿಗೆ ಹೋಗ್ತೆ."

"ಮೈಮೇಲೆ ಬೆಂಕಿ ಸುರಿತದೆ ಮಾರಾಯಾ," ಎಂದ ವೆಂಕಟ.

"ಸುರಿದ್ರೆ ಸುರೀಲಿ. ದಿಮ್ಮಿ ಮಾತ್ರ ಜರಗ್ದಂಗೆ ನೋಡ್ಕ."

ಮೊದಲ ದಿನವಿಡೀ ಉಪ್ಪು, ತುಕ್ಕು ಉಜ್ಜಿ ತೆಗೆದ. ಎರಡನೆಯ ದಿನ ಹೊದಿಕೆ ತಗಡು ಕೂರಿಸಿ ಮೊದಲ ಗೆರೆ ಎಳೆದ. ನಡುವೆ ಒಳಗೆ ನಿಂತಿದ್ದ ಉಪ್ಪುನೀರು ಜಿನುಗಿ ಬೆಸುಗೆ ಗುಳ್ಳೆಗುಳ್ಳೆಯಾಯಿತು. ಅಷ್ಟನ್ನೂ ಉಳಿಯಿಂದ ಕೆತ್ತಿ, ನೀರು ಆರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ. ಕಿಡಿಯೊಂದು ಅಂಗಿಯ ತೋಳಿನೊಳಗೆ ಇಳಿದಾಗ ಹಲ್ಲು ಕಚ್ಚಿದ, ಕೈ ಎಳೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬೆಸುಗೆ ತಣ್ಣಗಾದ ಮೇಲೆ ಅಡಿಗೆ ಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಹೊಯ್ಯಿಸಿದ. ಸೂಜಿಮೊನೆಯಷ್ಟು ತೂತಿದ್ದರೂ ಸುಣ್ಣದ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ಒಂದು ತಾಸು ಕಾದು ವೆಂಕಟ ತಾನೇ ತೆವಳಿ ಹೋಗಿ ನೋಡಿದ.

"ಎಂತ ಆತು?" ಮೀನಿನ ಬುಟ್ಟಿ ಇಳಿಸಿ ದಡದಲ್ಲಿ ನಿಂತಿದ್ದ ಗಂಗಾ ಕೇಳಿದಳು.

"ಎಂತದೂ ಇಲ್ಲ. ಬೆಳ್ಳಗೆ ಅದೆ!" ಅಡಿಯಿಂದಲೇ ವೆಂಕಟ ಕೂಗಿದ.

ರಾತ್ರಿ ಹುಣ್ಣಿಮೆಯ ನೀರೇರಿದಾಗ ಬಾರ್ಜು ತೇಲಿತು. ಮೊದಲ ಸರದಿಯಲ್ಲಿ ಆಚೆ ದಡಕ್ಕೆ ಹೋದವರಲ್ಲಿ ಜಟ್ಟಿಯೂ ಇದ್ದ. ಹೊಳೆಯ ನಡುವೆ ಇಂಜಿನ್ನಿನ ಪಕ್ಕ ಬಗ್ಗಿ, ತಳಕ್ಕೆ ಅಂಗೈ ಒತ್ತಿ ನೋಡಿದ. ಒಣಗಿಯೇ ಇತ್ತು.